ತಲೆ ತಗ್ಗಿಸಿ ನಡೆದರೆ ಕಾಣುವ ಪ್ರಾಗ್

ಚಿಕ್ಕವಳಿದ್ದಾಗ ನಮ್ಮಜ್ಜಿ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ ಮಾತು: "ಹೆಣ್ಣುಮಕ್ಕಳು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕು." ಆ ಮಾತಿಗೆ ನಾನು ಐವತ್ತು ವರ್ಷ ಸೊಪ್ಪು ಹಾಕಲಿಲ್ಲ. ಆದರೆ ಕಳೆದ ಸೆಪ್ಟೆಂಬರಿನಲ್ಲಿ ಚೆಕ್ ದೇಶದ ರಾಜಧಾನಿ ಪ್ರಾಗ್ ನಗರದ ಬೀದಿಗಳಲ್ಲಿ ಮೂರು ದಿನ ಬೇಕೆಂದೇ ತಲೆ ತಗ್ಗಿಸಿ ನಡೆದೆ. ಅಜ್ಜಿ ಇದ್ದಿದ್ದರೆ ಬುದ್ಧಿ ಬಂತಲ್ಲ ಎಂದು ಲಟಿಕೆ ಮುರಿಯುತ್ತಿದ್ದಳು.

ಇದರ ಹಿಂದೆ ಒಂದು ಅವಮಾನದ ಕತೆಯಿದೆ. 2016ರಲ್ಲಿ ನಾವು ಒಂದು ಪ್ರವಾಸ ಸಂಸ್ಥೆಯ ಪ್ಯಾಕೇಜಿನಲ್ಲಿ ಯುರೋಪಿಗೆ ಹೋಗಿದ್ದೆವು. ಒಂಬತ್ತು ದಿನ, ಆರು ದೇಶ. ಪ್ರಾಗ್ ನಗರದ ಹಳೇಪೇಟೆಯ ಚೌಕದಲ್ಲಿ ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಹಳದಿ ಕೊಡೆ ಎತ್ತಿ ಹಿಡಿದ ಗೈಡ್ ಹಿಂದೆ ಕೋಳಿಮರಿಗಳ ಹಾಗೆ ಓಡಿ, ಗಡಿಯಾರ ನೋಡಿ, ಫೋಟೊ ಹೊಡೆಸಿಕೊಂಡು, ಉಳಿದ ಒಂದೂವರೆ ಗಂಟೆ ದಾಲ್ ತಿನ್ನಲು ಸರತಿಯಲ್ಲಿ ನಿಂತೆವು. ಆ ಫೋಟೊ ನಮ್ಮ ಮನೆಯ ಶೋಕೇಸಿನಲ್ಲಿ ವರ್ಷಗಟ್ಟಲೆ ಇತ್ತು. ಹಿಂದೆ ಟೀನ್ ಚರ್ಚಿನ ಜೋಡಿ ಗೋಪುರ, ಮುಂದೆ ಕೈಯಗಲಿಸಿ ಹಲ್ಲು ಕಿರಿಯುತ್ತಿರುವ ನಾನು. ಡ್ರೆಸ್ಡೆನ್‌ನಲ್ಲಿ ಕೆಲಸ ಮಾಡುವ ಮಗಳು ರಜೆಗೆ ಬಂದಾಗ ಅದನ್ನು ಕೈಗೆತ್ತಿಕೊಂಡು, "ಅಮ್ಮ, ನೀನು ಯಾವುದರ ಮೇಲೆ ನಿಂತಿದ್ದೀಯ, ನೋಡಿದ್ದೀಯಾ?" ಎಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ನನ್ನ ಚಪ್ಪಲಿಯ ಅಡಿಯಲ್ಲಿ, ಕಪ್ಪು ಕಲ್ಲುಹಾಸಿನ ನಡುವೆ, ಬಿಳಿ ಕಲ್ಲಿನ ಒಂದು ಶಿಲುಬೆ.

ಅಂಥ ಶಿಲುಬೆಗಳು ಅಲ್ಲಿ ಒಟ್ಟು ಇಪ್ಪತ್ತೇಳು. ಹಳೆಯ ಪುರಭವನದ ಗೋಡೆಗೆ ತಾಗಿದಂತೆ ನೆಲದಲ್ಲೇ ಕೂಡಿಸಿದ್ದಾರೆ. 1621ರ ಜೂನ್ 21ರಂದು ಅಲ್ಲಿ ಬೊಹೀಮಿಯಾದ, ಅಂದರೆ ಅಂದಿನ ಚೆಕ್ ರಾಜ್ಯದ, ಇಪ್ಪತ್ತೇಳು ಜನ ಮುಖಂಡರನ್ನು ಕೊಂದರು: ಮೂವರು ಸರದಾರರು, ಏಳು ಜನ ನೈಟ್‌ಗಳು, ಉಳಿದ ಹದಿನೇಳು ಜನ ಪೇಟೆಯ ಪ್ರಮುಖರು. ಅವರ ಅಪರಾಧವೆಂದರೆ ತಮ್ಮನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿಯ ವಿರುದ್ಧ ದಂಗೆಯೆದ್ದು, 1620ರ ನವೆಂಬರಿನಲ್ಲಿ ಊರ ಹೊರಗಿನ ಬಿಳಿಗುಡ್ಡದ ಕಾಳಗದಲ್ಲಿ ಸೋತದ್ದು. ಸತ್ತವರಲ್ಲಿ ಯಾನ್ ಯೆಸ್ಸೆನಿಯಸ್ ಎಂಬ ವೈದ್ಯನೂ ಇದ್ದ. 1600ರಲ್ಲಿ ಪ್ರಾಗ್‌ನಲ್ಲಿ ಸಾರ್ವಜನಿಕರೆದುರು ಹೆಣ ಕೊಯ್ದು ಅಂಗರಚನೆ ತೋರಿಸಿದವನು, ಮುಂದೆ ವಿಶ್ವವಿದ್ಯಾಲಯದ ಮುಖ್ಯಸ್ಥನಾದವನು. ಅವನ ನಾಲಿಗೆಯನ್ನು ಮೊದಲು ಕತ್ತರಿಸಿ, ಆಮೇಲೆ ತಲೆ ತೆಗೆದರು. ಹನ್ನೆರಡು ತಲೆಗಳನ್ನು ಸೇತುವೆಯ ಗೋಪುರಕ್ಕೆ ನೇತುಹಾಕಿದರು, ಬಹುಪಾಲು ತಲೆಗಳು ಹತ್ತು ವರ್ಷ ಅಲ್ಲೇ ಇದ್ದವು. ಅವರ ಪೈಕಿ ಒಬ್ಬರ ಗುರುತಿನ ಮೇಲೆ ನಿಂತು ನಾನು ಹಲ್ಲು ಕಿರಿದಿದ್ದೆ. ಇದನ್ನು ಹೇಳಲು ಗೈಡಿಗೆ ಪುರುಸೊತ್ತಿರಲಿಲ್ಲ, ಕೇಳಲು ನಮಗೂ ಇರಲಿಲ್ಲ ಬಿಡಿ.

ಹಾಗಾಗಿ ಈ ಸಲ ಗೈಡ್ ಇಲ್ಲ, ಬಸ್ ಇಲ್ಲ. ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಪ್ರಾಗ್ ಸೇರಬಹುದು. ಜೊತೆಗೆ ಹೊರಟ ಮಗಳು ನೋಡಲೇಬೇಕಾದ ಜಾಗಗಳ ಪಟ್ಟಿಯನ್ನು ಮೊದಲೇ ಮೊಬೈಲಿಗೆ ಕಳಿಸಿದ್ದಳು. ನಮ್ಮ ಯಜಮಾನರು ಅದನ್ನು ಮುಟ್ಟಲೇ ಇಲ್ಲ. ಸರ್ವೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಸರಪಳಿ ಎಳೆಸಿದವರು ಅವರು. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹಳೇಪೇಟೆಯ ನಕ್ಷೆ ಬರೆದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡಿದ್ದರು.

ನನ್ನ ವಾದ ಇಷ್ಟೇ. ಪ್ರಾಗ್‌ಗೆ ನೂರು ಗೋಪುರಗಳ ನಗರ ಎಂಬ ಹೆಸರಿದೆ, ಬಂದವರೆಲ್ಲ ಕತ್ತೆತ್ತಿ ಮೊಬೈಲ್ ಎತ್ತಿ ನಡೆಯುತ್ತಾರೆ. ಮೇಲೆ ಇರುವುದು ರಾಜರು, ಪಾದ್ರಿಗಳು ಕಟ್ಟಿಸಿದ್ದು. ಆ ಊರು ತನ್ನ ನೋವನ್ನು ಬರೆದಿಟ್ಟಿರುವುದು ನೆಲದಲ್ಲಿ.

ಯಜಮಾನರು ಮೊದಲು ಹುಡುಕಿದ್ದು ಶಿಲುಬೆಯನ್ನಲ್ಲ, ಅದೇ ಚೌಕದ ಹಿತ್ತಾಳೆ ಪಟ್ಟಿಯನ್ನು. ಪ್ರಾಗ್‌ನ ರೇಖಾಂಶ ಹಾದುಹೋಗುವ ಜಾಗದಲ್ಲಿ ಕಲ್ಲುಹಾಸಿನೊಳಗೆ ಒಂದು ಲೋಹದ ಗೆರೆ ಕೂಡಿಸಿದ್ದಾರೆ, ಹಿಂದೆ ಪ್ರಾಗ್‌ನ ಸಮಯವನ್ನು ಇದರಿಂದಲೇ ನಿರ್ಣಯಿಸುತ್ತಿದ್ದರು ಎಂದು ಪಕ್ಕದಲ್ಲೇ ಬರೆದಿದ್ದಾರೆ. ಚೌಕದಲ್ಲಿದ್ದ ಮೇರಿಯಮ್ಮನ ಕಂಬದ ನೆರಳು ನಡುಮಧ್ಯಾಹ್ನ ಈ ಗೆರೆಯ ಮೇಲೆ ಬೀಳುತ್ತಿತ್ತು. 1650ರ ಆ ಕಂಬವನ್ನು 1918ರ ನವೆಂಬರಿನಲ್ಲಿ, ದೇಶ ಸ್ವತಂತ್ರವಾದ ವಾರದೊಳಗೆ, ಹ್ಯಾಬ್ಸ್‌ಬರ್ಗರ ಗುರುತು ಎಂದು ಜನ ಹಗ್ಗ ಕಟ್ಟಿ ಕೆಡವಿದರು. ನಮ್ಮ 2016ರ ಫೋಟೊಗಳಲ್ಲಿ ಕಂಬ ಇಲ್ಲ. 2020ರಲ್ಲಿ ಅದೇ ಜಾಗದಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ನಾವು ಕಾದು ನಿಂತೆವು. ಮೊಬೈಲಿನಲ್ಲಿ ಒಂದು ಗಂಟೆಗೆ ಇನ್ನು ಐದು ನಿಮಿಷ ಇದೆ ಎನ್ನುವಾಗ ನೆರಳು ಬಂದು ಹಿತ್ತಾಳೆಯ ಮೇಲೆ ಕೂತಿತು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶವಲ್ಲವೇ! "ನೋಡೇ, ಸರ್ಕಾರದ ಗಡಿಯಾರ ಸುಳ್ಳು ಹೇಳುತ್ತಿದೆ, ಕಂಬ ನಿಜ ಹೇಳುತ್ತಿದೆ," ಎಂದು ಅವರು ಹಿಗ್ಗಿದ ಪರಿಯನ್ನು ನಮ್ಮ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಗಡಿಯಾರದ ವಿಷಯ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ, ತಲೆ ಎತ್ತಿಯೇ ನೋಡಬೇಕಾದದ್ದಾದರೂ. 1410ರ ಆ ಖಗೋಳ ಗಡಿಯಾರದ ಮುಂದೆ ಪ್ರತಿ ಗಂಟೆಗೂ ನೂರಾರು ಜನ ನೆರೆಯುತ್ತಾರೆ. ಅಸ್ಥಿಪಂಜರವೊಂದು ಗಂಟೆಯ ಹಗ್ಗ ಎಳೆಯುತ್ತದೆ, ಕಿಟಕಿಗಳಲ್ಲಿ ಕ್ರಿಸ್ತನ ಶಿಷ್ಯರು ಮೆರವಣಿಗೆ ಹೋಗುತ್ತಾರೆ, ಕೋಳಿ ಕೂಗುತ್ತದೆ, ಮುಗಿಯಿತು. "ಇಷ್ಟೇನಾ?" ಎಂಬ ಉದ್ಗಾರ ಎಲ್ಲ ಭಾಷೆಗಳಲ್ಲೂ ಕೇಳುತ್ತದೆ. ಜನ ಚದುರಿದ ಮೇಲೆ ನಿಂತು ಅದರ ಮುಖ ನೋಡಿ. ಹೊರಗಿನ ಉಂಗುರ ಹಳೆಯ ಬೊಹೀಮಿಯನ್ ಸಮಯ ತೋರಿಸುತ್ತದೆ, ಅದರಲ್ಲಿ ದಿನ ಶುರುವಾಗುವುದು ಸೂರ್ಯಾಸ್ತದಿಂದ. ಒಳಗಿನ ಬಾಗಿದ ಚಿನ್ನದ ಗೆರೆಗಳು ಹಗಲನ್ನು, ಅದು ಚಳಿಗಾಲದ ಗಿಡ್ಡ ಹಗಲಾಗಲಿ ಬೇಸಿಗೆಯ ಉದ್ದ ಹಗಲಾಗಲಿ, ಹನ್ನೆರಡು ಸಮಭಾಗ ಮಾಡುತ್ತವೆ. ರಾಹುಕಾಲ ನೋಡಿ ಮನೆ ಬಿಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಾವು ಹಗಲನ್ನು ಎಂಟು ಪಾಲು ಮಾಡಿ ಒಂದನ್ನು ರಾಹುವಿಗೆ ಕೊಡುತ್ತೇವೆ, ಅವರು ಹನ್ನೆರಡು ಪಾಲು ಮಾಡಿದರು. ಇಂಥ ಗಡಿಯಾರ ಇನ್ನೊಂದೂರಿನಲ್ಲಿ ಆಗಬಾರದೆಂದು ಮಾಡಿದವನ ಕಣ್ಣು ಕೀಳಿಸಿದರಂತೆ ಎಂಬ ದಂತಕತೆಯೂ ಇದೆ. ಕೈದಾಳದ ಜಕಣಾಚಾರಿಯ ಕತೆ ಕೇಳಿ ಬೆಳೆದವಳು ನಾನು. ದೊಡ್ಡ ಕೆಲಸಕ್ಕೆ ಒಂದು ಅಂಗವನ್ನು ಬೆಲೆ ಕಟ್ಟದಿದ್ದರೆ ಯಾವ ಊರಿನ ಜನಕ್ಕೂ ಸಮಾಧಾನವಿಲ್ಲವೇನೋ.

ಕೋಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 22ನೇ ನಂಬರಿನ ಟ್ರಾಮ್ ಹತ್ತಿ ಮೇಲೆ ಹೋಗಿ, ನಡೆದುಕೊಂಡು ಇಳಿದು ಬನ್ನಿ, ಮಂಡಿ ನಿಮ್ಮನ್ನು ಹರಸುತ್ತದೆ. ಅಲ್ಲಿನ ಸಂತ ವಿಟಸ್ ಚರ್ಚನ್ನು ಕಟ್ಟಲು ಶುರುಮಾಡಿದ್ದು 1344ರಲ್ಲಿ, ಮುಗಿಸಿದ್ದು 1929ರಲ್ಲಿ. ನಮ್ಮೂರಿನ ಮೇಲ್ಸೇತುವೆ ಬಗ್ಗೆ ಇನ್ನು ನಾನು ದೂರುವುದಿಲ್ಲ. 1618ರ ಮೇ ತಿಂಗಳಲ್ಲಿ ಚಕ್ರವರ್ತಿಯ ಇಬ್ಬರು ಪ್ರತಿನಿಧಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಇದೇ ಕೋಟೆಯ ಕಿಟಕಿಯಿಂದ ಹೊರಗೆ ಎಸೆದರು. ಮೂವರೂ ಬದುಕಿಕೊಂಡರು. ಕೆಳಗಿನ ಚೌಕದ ಇಪ್ಪತ್ತೇಳು ಶಿಲುಬೆಗಳ ಕತೆ ಶುರುವಾಗುವುದು ಆ ಕಿಟಕಿಯಲ್ಲಿ.

ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರಕ್ಕೇ ಹೋಗಿ. ಹತ್ತು ಗಂಟೆಗೆ ಹೋದರೆ ಕಾಣುವುದು ಬೆನ್ನುಗಳು ಮಾತ್ರ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ಅಡಿಗಲ್ಲಿಟ್ಟ ಈ ಸೇತುವೆ 516 ಮೀಟರ್ ಉದ್ದವಿದೆ, ಮೂವತ್ತು ಶಿಲ್ಪಗಳಿವೆ. ರಾಜನ ಕೋಪಕ್ಕೆ ಗುರಿಯಾಗಿ ಇದೇ ಸೇತುವೆಯಿಂದ ನದಿಗೆ ಎಸೆಯಲ್ಪಟ್ಟ ನೆಪೊಮುಕ್ ಸಂತನ ಕಂಚಿನ ಫಲಕವನ್ನು ಅದೃಷ್ಟಕ್ಕಾಗಿ ಮುಟ್ಟಿ ಮುಟ್ಟಿ ಚಿನ್ನದಂತೆ ಹೊಳೆಸಿದ್ದಾರೆ. ಪಕ್ಕದ ಫಲಕದ ನಾಯಿಯೂ ಹೊಳೆಯುತ್ತಿದೆ, ಪಾಪ, ಅದಕ್ಕೆ ಈ ಕತೆಯಲ್ಲಿ ಯಾವ ಪಾತ್ರವೂ ಇಲ್ಲ. ನಾನು ಹೇಳಹೊರಟಿದ್ದು ಅದಲ್ಲ. ಹಳೇಪೇಟೆಯ ಕಡೆಯ ತುದಿಯಲ್ಲಿ ಬಗ್ಗಿ ದಡದ ಗೋಡೆ ನೋಡಿ. ಗಡ್ಡದವನೊಬ್ಬನ ಕಲ್ಲಿನ ಮುಖ ಕಾಣುತ್ತದೆ, ಬ್ರಾದಾಚ್ ಎನ್ನುತ್ತಾರೆ. 1342ರ ಪ್ರವಾಹದಲ್ಲಿ ಕೊಚ್ಚಿಹೋದ ಹಿಂದಿನ ಸೇತುವೆಯಲ್ಲಿದ್ದ ಮುಖ ಇದು. ವ್ಲತಾವಾ ನದಿ ಎಷ್ಟು ಏರಿತು ಎಂಬುದಕ್ಕೆ ಊರಿನವರಿಗೆ ಈ ಗಡ್ಡವೇ ಅಳತೆಗೋಲಾಗಿತ್ತು. ನೀರು ಗಡ್ಡ ಮುಟ್ಟಿದರೆ ಗಂಟುಮೂಟೆ ಕಟ್ಟಬೇಕು. ಈ ಪ್ರವಾಹಗಳ ಕಾಟಕ್ಕೆ 13ನೇ ಶತಮಾನದಲ್ಲಿ ಹಳೇಪೇಟೆಯ ಬೀದಿಗಳನ್ನೇ ಮಣ್ಣು ತುಂಬಿ ಎತ್ತರಿಸಿದರು. ಅಂದಿನ ನೆಲಮಹಡಿಗಳು ಇಂದು ನೆಲಮಾಳಿಗೆಗಳು. ನೀವು ಕಾಫಿಗೆಂದು ಮೆಟ್ಟಿಲಿಳಿಯುವ ಕಮಾನಿನ ಕೋಣೆ ಒಂದು ಕಾಲದಲ್ಲಿ ಬೀದಿಗೆ ಬಾಗಿಲು ತೆರೆದ ಮನೆಯಾಗಿದ್ದಿರಬಹುದು.

ಯಹೂದಿಗಳ ಕೇರಿ ಯೋಸೆಫೋವ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ನೆಲವೇ ಬೀದಿಗಿಂತ ಎತ್ತರಕ್ಕೆ ಎದ್ದಿದೆ. ಹಳೆಯ ಸ್ಮಶಾನಕ್ಕೆ ಹೆಚ್ಚಿನ ಜಾಗ ಸಿಗದೆ, 1787ರವರೆಗೆ ಹೂಳಿದ್ದರ ಮೇಲೆ ಮಣ್ಣು ಹಾಕಿ ಮತ್ತೆ ಹೂಳುತ್ತಾ ಹೋದರು. ಸುಮಾರು ಹನ್ನೆರಡು ಸಾವಿರ ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಪಕ್ಕದ ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳು ಕೊಂದ ಸುಮಾರು ಎಂಬತ್ತು ಸಾವಿರ ಜನರ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ಕಮ್ಯುನಿಸ್ಟರ ಕಾಲದಲ್ಲಿ ಗೋಡೆ ದುರಸ್ತಿಯ ಹೆಸರಿನಲ್ಲಿ ಅವನ್ನು ಅಳಿಸಿದ್ದರು. 1990ರ ದಶಕದಲ್ಲಿ ಮತ್ತೆ ಒಂದೊಂದಾಗಿ ಬರೆದರು. ನಾನು ಹತ್ತು ನಿಮಿಷ ಓದಿ ಹೊರಗೆ ಬಂದೆ. ಇನ್ನೂ ನಿಲ್ಲಬಹುದಿತ್ತು, ಆಗಲಿಲ್ಲ.

ಹೊರಗೆ ಬಂದರೂ ಬಿಡುಗಡೆಯಿಲ್ಲ. ಮನೆಗಳ ಹೊಸ್ತಿಲ ಮುಂದೆ, ಕಾಲುದಾರಿಯಲ್ಲಿ, ಅಂಗೈಯಗಲದ ಹಿತ್ತಾಳೆ ಬಿಲ್ಲೆಗಳು. ಗುಂಟರ್ ಡೆಮ್ನಿಗ್ ಎಂಬ ಜರ್ಮನ್ ಕಲಾವಿದ ಯುರೋಪಿನ ಊರೂರುಗಳಲ್ಲಿ ನೆಡುತ್ತಾ ಬಂದದ್ದು. ಅವುಗಳ ಜರ್ಮನ್ ಹೆಸರನ್ನು ಕನ್ನಡದಲ್ಲಿ ಎಡವುಗಲ್ಲು ಎನ್ನಬಹುದು. ಒಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಗಳಿಂದ ಓದಿಸಿಕೊಂಡೆ: ಇಲ್ಲಿ ವಾಸವಾಗಿದ್ದಳು, ಹುಟ್ಟಿದ್ದು 1935, ತೆರೆಜೀನ್‌ಗೆ ಸಾಗಿಸಿದ್ದು 1942, ಆಶ್ವಿಟ್ಸ್‌ನಲ್ಲಿ ಕೊಂದದ್ದು 1944. ಒಂಬತ್ತು ವರ್ಷದ ಮಗು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲೂ ಸತ್ತವರ ಹೆಸರುಗಳು ಕಾಲಡಿಯ ಬಂಡೆಯಲ್ಲಿವೆ. ಆದರೆ ಅವರು ಸಲ್ಲೇಖನದಿಂದ ಸಾವನ್ನು ತಾವೇ ಬರಮಾಡಿಕೊಂಡವರು, ಇವಳನ್ನು ಯಾರು ಕೇಳಿದರು? ನಾನು ದಾಟಿ ಹೋಗಲು ಹಿಂಜರಿದಾಗ ಮಗಳು, "ತುಳಿದರೆ ಪರವಾಗಿಲ್ಲಮ್ಮ, ತುಳಿದಷ್ಟೂ ಹಿತ್ತಾಳೆ ಹೊಳೆಯುತ್ತದೆ," ಎಂದಳು. ಆದರೂ ನಾನು ಬಳಸಿಕೊಂಡೇ ಹೋದೆ.

ಮೂರನೆಯ ದಿನ ವೆನ್ಸೆಸ್ಲಾಸ್ ಚೌಕ. ಚೌಕ ಎಂಬುದು ಹೆಸರಿಗೆ, ಅದು ಮುಕ್ಕಾಲು ಕಿಲೋಮೀಟರ್ ಉದ್ದದ ಅಗಲ ರಸ್ತೆ, ಹಿಂದೆ ಕುದುರೆ ಸಂತೆ ನಡೆಯುತ್ತಿದ್ದ ಜಾಗ. ಅಲ್ಲಿಗೆ ಬರುವ ಹೊತ್ತಿಗೆ ಕಲ್ಲುಹಾಸಿನ ಏಟಿಗೆ ನನ್ನ ಚಪ್ಪಲಿಯ ಅಟ್ಟೆ ಬಾಯಿ ಬಿಟ್ಟಿತ್ತು. ತಲೆಯೆತ್ತಿದರೆ ಎದುರಿಗೇ 1929ರಲ್ಲಿ ಕಟ್ಟಿದ ಬಾಟಾ ಕಟ್ಟಡ! ಜೂನ್ ತಿಂಗಳಲ್ಲಿ ಶಾಲೆಗೆಂದು ಅಪ್ಪ ಕೊಡಿಸುತ್ತಿದ್ದ ಬಾಟಾ ಬೂಟು ನಮ್ಮ ದೇಶದ್ದೇ ಎಂದು ನಾನು ಬಹಳ ವರ್ಷ ನಂಬಿದ್ದೆ. ಅದು 1894ರಲ್ಲಿ ಇದೇ ನಾಡಿನ ಜ್ಲೀನ್ ಎಂಬ ಊರಿನಲ್ಲಿ ಹುಟ್ಟಿದ ಕಂಪನಿ.

ಚೌಕದ ಮೇಲ್ತುದಿಯಲ್ಲಿ, ಮ್ಯೂಸಿಯಂ ಮುಂದೆ, ನೆಲದೊಳಗಿಂದ ಏಳಲು ಒದ್ದಾಡುತ್ತಿರುವಂತೆ ಒಂದು ಕಂಚಿನ ಶಿಲುಬೆ ಮಲಗಿದೆ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಬಂದವು. ಜನ ನಿಧಾನವಾಗಿ ಅದಕ್ಕೆ ಒಗ್ಗಿಕೊಳ್ಳುವುದನ್ನು ಕಂಡು ತಡೆಯಲಾರದೆ ಯಾನ್ ಪಾಲಾಖ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ 1969ರ ಜನವರಿ 16ರಂದು ಅಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಸೆಲ್ಫಿ ಕೋಲು ಹಿಡಿದ ಹುಡುಗರಿಬ್ಬರು ಅದನ್ನು ದಾಟಿಕೊಂಡು ಹೋದರು. ಬೈಯಬೇಕೆನಿಸಿತು. ಶೋಕೇಸಿನ ಫೋಟೊ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅಲ್ಲಿಂದ ನದಿಯತ್ತ ಇಳಿದು ರೆಸ್ಲೋವಾ ಬೀದಿಗೆ ಬಂದರೆ ಒಂದು ಚರ್ಚು. ಅದರ ಗೋಡೆಯಲ್ಲಿ ಒಂದು ಸಣ್ಣ ಗವಾಕ್ಷಿ, ಸುತ್ತಲೂ ಗುಂಡಿನ ಗುಳಿಗಳು. ನಾಜಿ ಅಧಿಕಾರಿ ಹೈಡ್ರಿಖ್‌ನ ಮೇಲೆ 1942ರ ಮೇ 27ರಂದು ನಡೆದ ದಾಳಿಯ ನಂತರ, ಆ ದಾಳಿ ಮಾಡಿದವರೂ ಸೇರಿ ಚೆಕೊಸ್ಲೊವಾಕಿಯಾದ ಏಳು ಜನ ಪ್ಯಾರಾಟ್ರೂಪರ್‌ಗಳು ಈ ಚರ್ಚಿನಲ್ಲಿ ಅಡಗಿದ್ದರು. ಜೂನ್ 18ರಂದು ನೂರಾರು ಸೈನಿಕರು ಸುತ್ತುವರಿದರು. ನೆಲಮಾಳಿಗೆಯಲ್ಲಿದ್ದ ನಾಲ್ವರನ್ನು ಹೊರಗೆಳೆಯಲು ಇದೇ ಕಿಂಡಿಯಿಂದ ನೀರು ಹಾಯಿಸಿದರು. ಒಬ್ಬರೂ ಜೀವಂತ ಸೆರೆಸಿಗಲಿಲ್ಲ. ಒಳಗೆ ಇಳಿದರೆ, ಚರಂಡಿಗೆ ದಾರಿ ಮಾಡಿಕೊಳ್ಳಲು ಅವರು ಗೋಡೆ ಕೊರೆದ ಗುರುತು ಇನ್ನೂ ಇದೆ. ಯಜಮಾನರು ಎಷ್ಟು ಆಳ ಕೊರೆದಿದ್ದರೆಂದು ಕಣ್ಣಲ್ಲೇ ಅಳೆಯುತ್ತಾ ಬಹಳ ಹೊತ್ತು ನಿಂತರು.

ಗೈಡೇ ಬೇಡ ಎಂಬ ಹಟ ನನಗಿಲ್ಲ. ಒಳ್ಳೆಯ ಗೈಡ್ ಸಿಕ್ಕರೆ ಪುಣ್ಯ. ಆದರೆ ಹೋಗುವ ಮೊದಲು ಒಂದು ತಿಂಗಳು ಓದಿ, ದಿನಕ್ಕೆ ಎರಡೇ ಜಾಗ ಇಟ್ಟುಕೊಂಡು, ನಿಮ್ಮ ಕಾಲಿನ ವೇಗಕ್ಕೆ ನಡೆಯುವ ಸುಖ ಕೊಡೆಯ ಹಿಂದೆ ಓಡುವುದರಲ್ಲಿ ಇಲ್ಲ.

ಇನ್ನೊಂದು ವಿಷಯ ಉಳಿಯಿತು. 2020ರ ಮೇ ತಿಂಗಳಲ್ಲಿ ವೆನ್ಸೆಸ್ಲಾಸ್ ಚೌಕದ ಕಲ್ಲುಹಾಸನ್ನು ದುರಸ್ತಿಗೆಂದು ಕಿತ್ತಾಗ, ಕೆಲವು ಕಲ್ಲುಗಳ ಅಡಿಮಗ್ಗುಲಲ್ಲಿ ಹೀಬ್ರೂ ಅಕ್ಷರಗಳು ಕಂಡವು. ಯಹೂದಿಗಳ ಸಮಾಧಿಕಲ್ಲುಗಳನ್ನು ತುಂಡರಿಸಿ, ನಯವಾದ ಮುಖ ಕೆಳಗಾಗಿಸಿ ಹಾಸಿದ್ದರು. ಅದು ನಾಜಿಗಳ ಕಾಲದ್ದಲ್ಲ, ಕಮ್ಯುನಿಸ್ಟರ ಕಾಲದ ಕೆಲಸ. ಜನ ಮೂರು ದಶಕ ಅದರ ಮೇಲೆ ಓಡಾಡಿದ್ದರು. ತೆಗೆದ ಕಲ್ಲುಗಳನ್ನು ಯಹೂದಿ ಸಮುದಾಯಕ್ಕೆ ಒಪ್ಪಿಸಿದರು, ಅವುಗಳಿಂದಲೇ ಜಿಜ್ಕೋವ್‌ನ ಹಳೆಯ ಸ್ಮಶಾನದಲ್ಲಿ ಸ್ಮಾರಕ ಮಾಡಿದ್ದಾರೆ.

ರೈಲಿಗೆ ಹೊರಟ ದಿನ ನಾವಿಳಿದುಕೊಂಡಿದ್ದ ಬೀದಿಯಲ್ಲಿ ಒಬ್ಬ ಕೆಲಸಗಾರ ಗಿಡ್ಡ ಸ್ಟೂಲಿನ ಮೇಲೆ ಕೂತು ಕಾಲುದಾರಿಗೆ ಕಲ್ಲು ಕೂಡಿಸುತ್ತಿದ್ದ. ಪಕ್ಕದಲ್ಲಿ ಲಿಂಬೆಹಣ್ಣಿನ ಗಾತ್ರದ ಬಿಳಿ, ಕಪ್ಪು ಕಲ್ಲುಗಳ ಗುಡ್ಡೆ. ಒಂದನ್ನೆತ್ತಿ ಅಂಗೈಯಲ್ಲಿ ನಾಲ್ಕು ಸಲ ತಿರುಗಿಸಿ, ಯಾವ ಮುಖ ಮೇಲೆಂದು ನೋಡಿ, ಮರಳಿನಲ್ಲಿಟ್ಟು, ಸುತ್ತಿಗೆಯಿಂದ ಎರಡು ಏಟು. ಪೆಟ್ಟಿಗೆ ಹಿಡಿದುಕೊಂಡೇ ನಾನು ನಿಂತುಬಿಟ್ಟೆ.

"ರೈಲು ತಪ್ಪುತ್ತದೆ, ಏನು ನೋಡುತ್ತಿದ್ದೀಯ?" ಎಂದರು ಯಜಮಾನರು.

"ತಡೆಯಿರಿ," ಎಂದೆ. "ಅಡಿಮಗ್ಗುಲು ನೋಡುತ್ತಿದ್ದೇನೆ."