ಶಿವನಸಮುದ್ರದ ‘ಎಡಿಸನ್ ಟಿಪ್ಪಣಿ’: ಸ್ಪಷ್ಟನೆ

“ಶಿವನಸಮುದ್ರ ವಿದ್ಯುತ್ ಕೇಂದ್ರಕ್ಕಾಗಿ ಥಾಮಸ್ ಎಡಿಸನ್ ಕೈಯಾರೆ ಬರೆದ ಪ್ರಯೋಗಾಲಯದ ಟಿಪ್ಪಣಿ ಮಳವಳ್ಳಿಯ ಹಳೇ ಮನೆಯ ಅಟ್ಟದಲ್ಲಿ ಸಿಕ್ಕಿದೆ, ಸಹಿಯೂ ಇದೆ, ಮಾರಾಟಕ್ಕಿದೆ” ಎಂಬ ಫೋಟೊ ಮಂಡ್ಯ, ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ.

1902ರಲ್ಲಿ ಶುರುವಾದ ಆ ಕೇಂದ್ರಕ್ಕೆ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಅದರ ಮೂಲದಲ್ಲಿ ಎಡಿಸನ್ ಕಂಪನಿ ಇದ್ದದ್ದು ಹೌದು. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲೇ. ಆದರೆ 1892ರಲ್ಲಿ ಅದು ಇನ್ನೊಂದು ಕಂಪನಿಯ ಜೊತೆ ವಿಲೀನವಾಗಿ ಜನರಲ್ ಎಲೆಕ್ಟ್ರಿಕ್ ಆದ ನಂತರ ಅಲ್ಲಿ ಎಡಿಸನ್ ಮಾತು ನಡೆಯುತ್ತಿರಲಿಲ್ಲ. ತಮಾಷೆಯೆಂದರೆ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಎಸಿ ಕರೆಂಟು (ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್); ಎಡಿಸನ್ ಹಟ ಹಿಡಿದು ವಿರೋಧಿಸಿದ್ದು ಅದನ್ನೇ!

ಫೋಟೊದಲ್ಲಿರುವ ಸಹಿಯನ್ನು ಹಿಗ್ಗಿಸಿ ನೋಡಿ. ಹೆಸರಿನ ಮೇಲೆ ಛತ್ರಿಯಂತೆ ಬಾಗಿದ ಗೆರೆ ಎಡಿಸನ್ ಅವರದೇ ಶೈಲಿ. ಆದರೆ ಗೆರೆಯೆಲ್ಲ ಒಂದೇ ದಪ್ಪ, ಅಂಚಿನಲ್ಲಿ ಅಚ್ಚಿನ ಸಣ್ಣ ಚುಕ್ಕಿಗಳು. ಶಾಯಿ ಪೆನ್ನಿನಲ್ಲಿ ಬರೆದರೆ ಒತ್ತಿದ ಕಡೆ ದಪ್ಪ, ಎತ್ತಿದ ಕಡೆ ತೆಳು. ಈ ಸಹಿಯನ್ನು ಅವರ ಫೋನೋಗ್ರಾಫ್‌ಗಳ (ಹಾಡು ಕೇಳಿಸುವ ಹಳೇ ಯಂತ್ರಗಳ) ಮೇಲೆ ಟ್ರೇಡ್‌ಮಾರ್ಕ್ ಆಗಿ ಅಚ್ಚು ಹಾಕುತ್ತಿದ್ದರು. ನಕಲು ಎತ್ತುವವರಿಗೆ ಅಷ್ಟು ಸಾಕು.

ಎಡಿಸನ್ ನೋಟ್‌ಬುಕ್‌ಗಳ ಮುಖ್ಯ ಸಂಗ್ರಹ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿದೆ. ರಟ್ಗರ್ಸ್ ವಿಶ್ವವಿದ್ಯಾಲಯದವರು ಸಾವಿರಾರು ದಾಖಲೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಅಕ್ಷರ ಹೋಲಿಸಿ ನೋಡಬಹುದು. ಯಾರಾದರೂ ಮುಂಗಡ ಕೇಳಿದರೆ, ಆ ಕಾಗದ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ದಾಖಲೆ ಕೇಳಿ. ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.