ಕಾಣಿಗಳ ಗಿಡ, ಯಾರ ಒಪ್ಪಿಗೆ?

ಆಯಾಸ ಕಳೆಯುವ ಆರೋಗ್ಯಪಚ್ಚ ಗಿಡದ ಕಥೆ ಬಂದಾಗಲೆಲ್ಲ, ಅದರಿಂದಾದ ಔಷಧದ ಹಣದಲ್ಲಿ ಕಾಣಿ ಬುಡಕಟ್ಟಿನ ಜನರಿಗೆ ಸಿಕ್ಕ ಅರ್ಧ ಪಾಲಿನ ಬಗ್ಗೆಯೇ ಮಾತು. ನನ್ನನ್ನು ಕಾಡುವುದು ಅದಕ್ಕೂ ಮೊದಲಿನ ಪ್ರಶ್ನೆ.

1987ರ ಡಿಸೆಂಬರ್. ಕೇರಳದ ಅಗಸ್ತ್ಯಮಲೆಯಲ್ಲಿ ಸಸ್ಯವಿಜ್ಞಾನಿ ಪಿ. ಪುಷ್ಪಾಂಗದನ್ ಅವರ ತಂಡ ಬೆಟ್ಟ ಹತ್ತಿ ಸುಸ್ತಾಗಿತ್ತು. ದಾರಿ ತೋರಿಸಲು ಬಂದ ಕಾಣಿ ಹುಡುಗರಿಗೆ ಮಾತ್ರ ಆಯಾಸವೇ ಇಲ್ಲ. ನಡುನಡುವೆ ಏನೋ ಸಣ್ಣ ಕಪ್ಪು ಕಾಯಿ ತಿನ್ನುತ್ತಿದ್ದರು. ಏನದು ಅಂದರೆ ಬಾಯಿ ಬಿಡಲಿಲ್ಲ. ಅದು ಹೊರಗಿನವರಿಗೆ ಹೇಳುವ ವಿಷಯವಲ್ಲ. ದುರುಪಯೋಗ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಗಿಡ ತೋರಿಸಿದ್ದು. ಮರಗಳ ನೆರಳಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಬೆಳೆಯುವ ಪುಟ್ಟ ಗಿಡ. ಕಾಯಿ ಬುಡದಲ್ಲಿ, ಎಲೆಗಳ ಅಡಿಯಲ್ಲಿ ಇರುತ್ತದೆ. ಗೊತ್ತಿಲ್ಲದವರು ತುಳಿದುಕೊಂಡೇ ಹೋಗುತ್ತಾರೆ.

ಮುಂದೆ ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ ಇದರ ಎಲೆಗೆ ಅಶ್ವಗಂಧ, ಹಿಪ್ಪಲಿ, ವಿಷ್ಣುಕ್ರಾಂತಿ ಸೇರಿಸಿ 'ಜೀವನಿ' ಎಂಬ ಟಾನಿಕ್ ತಯಾರಿಸಿತು. 1995ರಲ್ಲಿ ಒಂದು ಔಷಧ ಕಂಪನಿಗೆ ಲೈಸೆನ್ಸ್ ಕೊಟ್ಟಿತು. 10 ಲಕ್ಷ ರೂಪಾಯಿ, ಜೊತೆಗೆ ಮಾರಾಟದ 2% ರಾಯಲ್ಟಿ. ಅದರಲ್ಲಿ ಅರ್ಧ ಕಾಣಿಗಳಿಗೆ. ಇಂಥ ಲಾಭದಲ್ಲಿ ಪಾಲು ಕೊಡಬೇಕು ಎನ್ನುವ ನಮ್ಮ ಜೀವವೈವಿಧ್ಯ ಕಾಯ್ದೆ ಬಂದಿದ್ದೇ 2002ರಲ್ಲಿ. ಕಾನೂನೇ ಇಲ್ಲದ ಕಾಲದಲ್ಲಿ ಹೀಗೆ ಪಾಲು ಕೊಟ್ಟಿದ್ದು ದೊಡ್ಡ ವಿಷಯ, ಒಪ್ಪುತ್ತೇನೆ.

ಆದರೆ ಕಾಣಿಗಳಲ್ಲಿ ಮದ್ದಿನ ವಿದ್ಯೆ ಕಾಯುವವರು ಪ್ಲಾತಿಗಳು. ದಾರಿ ತೋರಿಸಿದ ಹುಡುಗರು ಹೇಳಿದ್ದು ಇಡೀ ಸಮುದಾಯದ ಒಪ್ಪಿಗೆ ಹೇಗಾಗುತ್ತದೆ? ಕೆಲವು ಪ್ಲಾತಿಗಳು ತಮ್ಮ ವಿದ್ಯೆಯನ್ನು ಕಂಪನಿಗಳಿಗೆ ಮಾರುವುದು ಬೇಡ ಎಂದು 1995ರಲ್ಲೇ ಸರ್ಕಾರಕ್ಕೆ ಪತ್ರ ಬರೆದಿದ್ದರು. ಪಾಲಿನ ಹಣ ಪಡೆಯುವ ಕಾಣಿಗಳ ಟ್ರಸ್ಟ್ ನೋಂದಣಿಯಾಗಿದ್ದು 1997ರಲ್ಲಿ, ಅಂದರೆ ಲೈಸೆನ್ಸ್ ಕೊಟ್ಟು ಎರಡು ವರ್ಷ ಆದ ಮೇಲೆ. ವ್ಯವಹಾರ ಮುಗಿದ ಮೇಲೆ ಪಾಲು ಕೊಡುವುದೇ ಬೇರೆ, ಮೊದಲೇ ಕೂರಿಸಿಕೊಂಡು ಕೇಳುವುದೇ ಬೇರೆ ಅಲ್ವಾ?

ಇನ್ನೊಂದು ಸಂಕಟವೂ ಇತ್ತು. ಗಿಡ ಇರುವುದು ಸಂರಕ್ಷಿತ ಅರಣ್ಯದಲ್ಲಿ. ಕಾಣಿಗಳು ಅದನ್ನು ಬೆಳೆದು, ಎಲೆ ಕಿತ್ತು ಮಾರಲು ಹೋದರೆ ಅರಣ್ಯ ಇಲಾಖೆಯ ಆಕ್ಷೇಪ. ಗಿಡದ ಗುಣ ತಿಳಿಸಿಕೊಟ್ಟವರಿಗೇ ಅದನ್ನು ಮುಟ್ಟಲು ಅನುಮತಿ ಬೇಕು!

2006ರ ಅರಣ್ಯ ಹಕ್ಕು ಕಾಯ್ದೆ ಈ ವಿದ್ಯೆಯ ಮೇಲೆ ಸಮುದಾಯಕ್ಕೇ ಹಕ್ಕಿದೆ ಎನ್ನುತ್ತದೆ. ಅದು ಕಾಗದದಲ್ಲೇ ಉಳಿಯಬಾರದು. ನಮ್ಮ ಪಂಚಾಯಿತಿಗಳಲ್ಲೂ ಜೀವವೈವಿಧ್ಯ ದಾಖಲಾತಿ ಬರೆಸುತ್ತಾರೆ. ಸುಮ್ನೆ ಗಿಡದ ಹೆಸರು, ಉಪಯೋಗ ಅಂತ ಕಾಲಂ ತುಂಬಿಸಬೇಡಿ. ಈ ಮಾಹಿತಿ ಎಲ್ಲಿಗೆ ಹೋಗುತ್ತದೆ, ಯಾರು ನೋಡಬಹುದು ಅಂತ ನಾಟಿ ವೈದ್ಯರಿಗೆ ಮೊದಲು ಬಿಡಿಸಿ ಹೇಳಿ. ಅವರು ಬೇಡ ಅಂದರೆ ಆ ಕಾಲಂ ಖಾಲಿ ಬಿಡಿ.