ಎಡ ಹೆಗಲಿನ ಮಾನ

ಪ್ರತಿ ಹೊಸ ವರ್ಷಕ್ಕೂ ಲಂಡನ್ನಿನಿಂದ ಬಿರುದಾಂಕಿತರ ಪಟ್ಟಿ ಹೊರಬೀಳುತ್ತದೆ. ಅದರಲ್ಲಿ ಭಾರತ ಮೂಲದವರು ಎಷ್ಟು ಮಂದಿ ಎಂದು ನಮ್ಮ ಪತ್ರಿಕೆಗಳು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ಅಚ್ಚು ಹಾಕುತ್ತವೆ. ಗಂಡ ‘ಸರ್’ ಆದರೆ ಹೆಂಡತಿ ಕುಳಿತಲ್ಲೇ ‘ಲೇಡಿ’. ಹೆಂಡತಿ ‘ಸರ್’ಗೆ ಸಮನಾದ ‘ಡೇಮ್’ ಆದರೆ ಗಂಡ ಎಂದಿನ ಮಿಸ್ಟರ್. ಮಾನವೂ ಅರಿಶಿನದಂತೆ, ಒಂದೇ ಕಡೆಗೆ ಅಂಟುತ್ತದೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲೆಕ್ಕ ಇನ್ನೂ ಸಲೀಸಾಗಿತ್ತು. 1878ರ ಜನವರಿ 1ರಂದು ಆಕೆ ಹೆಂಗಸರಿಗೆಂದೇ ‘ಕ್ರೌನ್ ಆಫ್ ಇಂಡಿಯಾ’ ಪದಕ ಹುಟ್ಟುಹಾಕಿದಳು. ಅರ್ಹತೆ? ರಾಜಕುಮಾರಿಯಾಗಿರಬೇಕು, ಇಲ್ಲವೇ ವೈಸ್‌ರಾಯನ, ಗವರ್ನರನ, ಮಹಾರಾಜನ ಮನೆಯವಳಾಗಿರಬೇಕು. ವಧುಪರೀಕ್ಷೆಯಲ್ಲಿ ಗೆದ್ದವರಿಗೆ ಬೇರೆ ಪರೀಕ್ಷೆ ಏಕೆ? ವೈಸ್‌ರಾಯ್ ಲಿಟನ್ನನ ಪತ್ನಿ ಮೊದಲ ವರ್ಷವೇ ಪಾಸು.

ಪದಕ ಮಾತ್ರ ಕಣ್ಣು ಕುಕ್ಕುವಂಥದ್ದು. ವಜ್ರ, ಮುತ್ತು, ಫಿರೋಜಾ ಕಲ್ಲುಗಳಲ್ಲಿ ರಾಣಿಯ ಹೆಸರಿನ ಅಕ್ಷರಗಳು, ಸುತ್ತ ಮುತ್ತಿನ ಅಂಚು, ಮೇಲೊಂದು ಕಿರೀಟ. ಬಿಳಿ ಅಂಚಿನ ತಿಳಿನೀಲಿ ರೇಷ್ಮೆ ಗಂಟಿಗೆ ಸಿಕ್ಕಿಸಿ ಎಡ ಹೆಗಲಿಗೆ ಧರಿಸಬೇಕಿತ್ತು. ಎಡ ಹೆಗಲಂತೆ! ಸೆರಗು ಇರುವುದೂ ಅಲ್ಲೇ ಎಂದು ಅರಮನೆಯಲ್ಲಿ ಯಾರಿಗಾದರೂ ಹೊಳೆದಿತ್ತೋ ಇಲ್ಲವೋ. ಜರಿಸೀರೆಗೆ ಪಿನ್ನು ಚುಚ್ಚಿ ಹರಿದುಕೊಂಡವರಿಗೆ ಆ ಸಂಕಟ ಗೊತ್ತು. ನಮ್ಮ ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನ ಮುಂದೆಯೂ ‘ಸಿ.ಐ.’, ಅಂದರೆ ‘ಕ್ರೌನ್ ಆಫ್ ಇಂಡಿಯಾ’, ಎಂಬ ಎರಡಕ್ಷರ ಬಂದು ಕುಳಿತಿತ್ತು. ಈಗಿನವರಿಗೆ ಸರ್ಕಲ್ ಇನ್‌ಸ್ಪೆಕ್ಟರ್ ನೆನಪಾದರೆ ತಪ್ಪಿಲ್ಲ. ಗಂಡನನ್ನು ಕಳೆದುಕೊಂಡು, ಎಳೆಯ ಮಗನ ಪರವಾಗಿ 1902ರವರೆಗೆ ಮೈಸೂರನ್ನು ಆಳಿದ ಹೆಂಗಸಿಗೂ, ವೈಸ್‌ರಾಯನ ಊಟದ ಮೇಜಿನ ತುದಿಯಲ್ಲಿ ಕುಳಿತವಳಿಗೂ ಅದೇ ಎರಡಕ್ಷರ.

ಹಾಸ್ಯ ಇಲ್ಲಿಗೆ ಸಾಕು. ಪದಕಕ್ಕೆ ಮುತ್ತು ಪೋಣಿಸುತ್ತಿದ್ದ ಹೊತ್ತಿಗೆ ಇಲ್ಲಿ ಧಾತು-ಈಶ್ವರ ಸಂವತ್ಸರಗಳ (1876–78) ಬರ. ಮೈಸೂರು ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಅಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. ಪಕ್ಕದ ಮದ್ರಾಸ್ ಪ್ರಾಂತದಲ್ಲಿ, ನಮ್ಮ ಬಳ್ಳಾರಿಯೂ ಸೇರಿ, 1877ರಲ್ಲಿ ಬರಗಾಲದ ಕಾಮಗಾರಿಗೆ ಕೂಲಿ ನಿಗದಿಯಾಯಿತು: ದಿನವಿಡೀ ಕಲ್ಲು ಹೊತ್ತ ಗಂಡಸಿಗೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಹೆಂಗಸಿಗೆ ಅದಕ್ಕಿಂತ ಕಡಿಮೆ. ಹೀಗೆ ಹೊಟ್ಟೆ ಅಳೆದವನು ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಅದೇ ವರ್ಷ ಅವನು ಮುಂಬಯಿಯ ಗವರ್ನರನಾದ. ಮುತ್ತಿನ ಪದಕಕ್ಕೆ ಅವನ ಮನೆಯಾಕೆಯೂ ಅರ್ಹಳಾದಳು.